ಹಸು ನಿಂತೇ ಇತ್ತು, ಹೊಟ್ಟೆ ತೆರೆದಿತ್ತು

ಪ್ಲಾಸ್ಟಿಕ್ ತಿಂದು ಹೊಟ್ಟೆ ಕಟ್ಟಿಕೊಂಡ ಹಸುವಿಗೆ ಆಪರೇಷನ್ ಮಾಡುವುದನ್ನು ಒಮ್ಮೆ ನೋಡಿದವರು ಸುಲಭಕ್ಕೆ ಮರೆಯುವುದಿಲ್ಲ. ಕಬ್ಬಿಣದ ಕಂಬಗಳ ಕಟ್ಟಿನೊಳಗೆ ಹಸು ನಿಂತಿರುತ್ತದೆ. ಎಡಪಕ್ಕೆಯಲ್ಲಿ ಒಂದು ಗೇಣು ಉದ್ದಕ್ಕೆ ಕೊಯ್ದಿರುತ್ತಾರೆ. ಡಾಕ್ಟರ್ ಭುಜದವರೆಗೂ ಕೈ ಒಳಗೆ ಹಾಕಿ, ಹಾಲಿನ ಕವರು, ನೈಲಾನ್ ಹಗ್ಗ, ಗೋಣಿಚೀಲದ ಚೂರು, ನಡುವೆ ಒಂದು ತಂತಿ, ಹೀಗೆ ಎಳೆದು ಎಳೆದು ಬಕೆಟ್ಟಿಗೆ ಹಾಕುತ್ತಿರುತ್ತಾರೆ. ಹಸು ಮಾತ್ರ ಕಿವಿ ಆಡಿಸಿಕೊಂಡು ನೊಣ ಓಡಿಸುತ್ತಾ ಅತ್ತ ಇತ್ತ ನೋಡುತ್ತಿರುತ್ತದೆ.

ನಾನು ಪಶುವೈದ್ಯ. ಇಂಥ ಪ್ರತಿ ಆಪರೇಷನ್‌ನಲ್ಲೂ ಹಸುವಿನ ಯಜಮಾನರಿಂದ ಒಂದೇ ಪ್ರಶ್ನೆ ಬರುತ್ತದೆ. "ಸಾರ್, ಇದಕ್ಕೆ ಮತ್ತು ಬರೋ ಇಂಜೆಕ್ಷನ್ ಕೊಟ್ಟಿಲ್ವಾ? ಕಣ್ಣು ಬಿಟ್ಕೊಂಡು ನೋಡ್ತಾ ಇದೆ!"

"ಕೊಟ್ಟಿದೀವಿ ಯಜಮಾನ್ರೇ. ಹಸುವಿಗಲ್ಲ, ಅದರ ಪಕ್ಕೆಗೆ."

ಅವರು ನಗುತ್ತಾರೆ, ಆದರೆ ಪೂರ್ತಿ ನಂಬುವುದಿಲ್ಲ. ಯಾಕೆಂದರೆ ನಮ್ಮೆಲ್ಲರ ತಲೆಯಲ್ಲೂ ಅರಿವಳಿಕೆ ಎಂದರೆ ನಿದ್ದೆ, ನಿದ್ದೆ ಎಂದರೆ ನೋವಿಲ್ಲ ಎಂದು ಕೂತಿದೆ. ಎರಡೂ ಅರ್ಧ ನಿಜ. ಎಚ್ಚರವಾಗಿದ್ದರೂ ನೋವಿಲ್ಲದಂತೆ ಮಾಡಬಹುದು. ಅದಕ್ಕಿಂತ ಮುಖ್ಯವಾಗಿ, ಪೂರ್ತಿ ಪ್ರಜ್ಞೆ ತಪ್ಪಿಸಿದರೂ ನೋವಿನ ಕೆಲಸ ಒಳಗೆ ನಡೆಯುತ್ತಲೇ ಇರಬಹುದು. ಈ ಎರಡನೆಯ ಮಾತನ್ನು ಹೇಳಲಿಕ್ಕೇ ಇದನ್ನು ಬರೆಯಲು ಕೂತೆ.

ತೋಟಕ್ಕೆ ನೀರು ಬಿಡುವುದನ್ನು ನೆನಪಿಸಿಕೊಳ್ಳಿ. ಬೋರ್‌ವೆಲ್ ಹತ್ತಿರ ಮೋಟರ್ ಇದೆ, ಅಲ್ಲಿಂದ ಪೈಪು, ದಾರಿಯಲ್ಲಿ ಒಂದು ಗೇಟ್‌ವಾಲ್ವು, ಕೊನೆಗೆ ತೋಟ. ನೋವು ಕೂಡ ಹೀಗೇ ಹರಿಯುತ್ತದೆ. ಗಾಯವಾದ ಜಾಗ ಮೋಟರ್ ಇದ್ದ ಹಾಗೆ. ಅಲ್ಲಿ ಜೀವಕೋಶಗಳು ಒಡೆದು, ಉರಿಯೂತದ ರಾಸಾಯನಿಕಗಳು ಹುಟ್ಟಿ, ನರದ ತುದಿಯನ್ನು ಕೆಣಕುತ್ತವೆ. ನರವೇ ಪೈಪು. ಬೆನ್ನುಹುರಿ ಗೇಟ್‌ವಾಲ್ವು, ಎಷ್ಟು ನೋವನ್ನು ಮೇಲಕ್ಕೆ ಬಿಡಬೇಕು ಎನ್ನುವುದು ಸಾಕಷ್ಟು ಅಲ್ಲೇ ತೀರ್ಮಾನವಾಗುತ್ತದೆ. ತೋಟ ಎಂದರೆ ಮೆದುಳು.

ನಮ್ಮ ಹತ್ತಿರ ಇರುವ ಔಷಧಿಗಳೆಲ್ಲ ಈ ದಾರಿಯಲ್ಲಿ ಒಂದೊಂದು ಕಡೆ ಕೆಲಸ ಮಾಡುತ್ತವೆ. ಮೆಲಾಕ್ಸಿಕಾಮ್ ಥರದವು ಮೋಟರಿನ ವೇಗ ಇಳಿಸುತ್ತವೆ, ಅಂದರೆ ಗಾಯದ ಜಾಗದಲ್ಲಿ ಉರಿಯೂತದ ರಾಸಾಯನಿಕಗಳು ಹುಟ್ಟುವುದನ್ನೇ ಕಡಿಮೆ ಮಾಡುತ್ತವೆ. ಲಿಗ್ನೋಕೇನ್ ಪೈಪನ್ನೇ ಮಡಚಿ ಹಿಡಿಯುತ್ತದೆ, ಅಂದರೆ ನರದಲ್ಲಿ ಸಂದೇಶ ಹೋಗದಂತೆ ತಡೆದು ಆ ಜಾಗವನ್ನು ಮರಗಟ್ಟಿಸುತ್ತದೆ. ಬ್ಯುಟಾರ್ಫನಾಲ್, ಬ್ಯುಪ್ರೆನಾರ್ಫಿನ್‌ನಂಥ ಅಫೀಮಿನ ಬಳಗದ ಔಷಧಿಗಳು ವಾಲ್ವನ್ನು ತಿರುಗಿಸುತ್ತವೆ, ಮೆದುಳಿನಲ್ಲೂ ಒಂದಿಷ್ಟು ಕೆಲಸ ಮಾಡುತ್ತವೆ. ಹಾಗಾದರೆ ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್, ಐಸೊಫ್ಲುರೇನ್ ಎಲ್ಲಿ ಕೆಲಸ ಮಾಡುತ್ತವೆ? ಮುಖ್ಯವಾಗಿ ತೋಟದ ಯಜಮಾನನನ್ನು ಮಲಗಿಸುತ್ತವೆ. ಮೋಟರ್ ಓಡುತ್ತಲೇ ಇದೆ, ವಾಲ್ವು ತೆರೆದೇ ಇದೆ, ನೀರು ಬರುತ್ತಲೇ ಇದೆ. ಅವನಿಗೆ ಗೊತ್ತಿಲ್ಲ, ಅಷ್ಟೇ. ಎದ್ದು ನೋಡಿದರೆ ತೋಟವೆಲ್ಲ ಕೆಸರು.

ಈ ಕೆಸರು ಸುಮ್ನೆ ಹೋಲಿಕೆಗೆ ಹೇಳಿದ್ದಲ್ಲ. ಒಂದೇ ಸಮನೆ ನೋವಿನ ಸಂದೇಶ ಬಂದು ಬಡಿಯುತ್ತಿದ್ದರೆ ಬೆನ್ನುಹುರಿಯ ನರಕೋಶಗಳು ಕೆರಳಿ ಕೂರುತ್ತವೆ. ಆಮೇಲೆ ಸಣ್ಣ ಮುಟ್ಟುವಿಕೆ ಕೂಡ ದೊಡ್ಡ ನೋವಾಗಿ ಕಾಣುತ್ತದೆ. ಆ ಸ್ಥಿತಿ ಬಂದ ಮೇಲೆ ಎಷ್ಟು ಔಷಧಿ ಕೊಟ್ಟರೂ ಹಿಡಿತಕ್ಕೆ ತರುವುದು ಕಷ್ಟ. ಹಾಗಾಗಿ ಒಳ್ಳೆಯ ಡಾಕ್ಟರ್ ನೋವಿನ ಔಷಧಿಯನ್ನು ಚಾಕು ಇಡುವ ಮೊದಲೇ ಕೊಡುತ್ತಾರೆ, ಅದೂ ಒಂದಲ್ಲ, ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡುವ ಎರಡು ಮೂರು ಔಷಧಿಗಳನ್ನು ಸ್ವಲ್ಪ ಸ್ವಲ್ಪ ಸೇರಿಸಿ. ಬಿಲ್ಲಿನಲ್ಲಿ ನಾಲ್ಕು ಇಂಜೆಕ್ಷನ್ ಹೆಸರು ನೋಡಿ ಹುಬ್ಬೇರಿಸುವವರಿಗೆ ನನ್ನ ಉತ್ತರ ಇಷ್ಟೇ.

ಹಸುವಿನ ವಿಷಯಕ್ಕೆ ವಾಪಸ್ ಬರೋಣ. ಅದನ್ನು ಯಾಕೆ ಮಲಗಿಸಿ, ಪೂರ್ತಿ ಪ್ರಜ್ಞೆ ತಪ್ಪಿಸಿ, ಆರಾಮಾಗಿ ಆಪರೇಷನ್ ಮಾಡುವುದಿಲ್ಲ? ಕಾರಣ ಅದರ ಹೊಟ್ಟೆಯೇ. ದೊಡ್ಡ ಹಸುವಿನ ಮೊದಲ ಹೊಟ್ಟೆಯಲ್ಲಿ ನೂರು ಲೀಟರಿಗೂ ಜಾಸ್ತಿ ಮೇವು, ನೀರು ಹುದುಗುತ್ತಾ ಇರುತ್ತದೆ. ಅದರಿಂದ ಹುಟ್ಟುವ ಗ್ಯಾಸನ್ನು ಹಸು ತೇಗಿ ತೇಗಿ ಹೊರಹಾಕುತ್ತಿರಬೇಕು. ಪ್ರಜ್ಞೆ ತಪ್ಪಿದರೆ ತೇಗು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಆ ಭಾರ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಯ ಮೇಲೆ ಬಿದ್ದು ಉಸಿರಾಟ ಕಷ್ಟವಾಗುತ್ತದೆ. ಮೇಲಿಂದ ಹಸುವಿನ ಜೊಲ್ಲು ದಿನಕ್ಕೆ ನೂರು ಲೀಟರ್ ದಾಟುತ್ತದೆ. ಪ್ರಜ್ಞೆ ಇಲ್ಲದಾಗ ಆ ಜೊಲ್ಲು, ಹೊಟ್ಟೆಯಿಂದ ವಾಪಸ್ ಬಂದ ಮೇವಿನ ರಸ ಎರಡೂ ಶ್ವಾಸನಾಳಕ್ಕೆ ಇಳಿಯಬಹುದು. ಆಪರೇಷನ್ ಚೆನ್ನಾಗಿ ಆಗಿ, ನಾಲ್ಕು ದಿನದ ಮೇಲೆ ನ್ಯುಮೋನಿಯಾದಿಂದ ಹಸು ಹೋದರೆ ಏನು ಪ್ರಯೋಜನ? ದೇವರು ಇದನ್ನು ಮಲಗಿಸಿ ಕೊಯ್ಯಲು ಮಾಡಿಲ್ಲ ಎಂದು ನಮ್ಮ ಮೇಷ್ಟ್ರೊಬ್ಬರು ಹೇಳುತ್ತಿದ್ದರು. ಮಲಗಿಸಲೇಬೇಕಾದಾಗ ಒಂದು ದಿನದ ಹಾಗೆ ಮೇವು ನಿಲ್ಲಿಸಿ, ಗಂಟಲಿಗೆ ಕೊಳವೆ ಹಾಕಿ ದಾರಿ ಭದ್ರ ಮಾಡಿಕೊಂಡು ಮಲಗಿಸುತ್ತೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ, ಅದಕ್ಕಿಂತ ಜಾಸ್ತಿ ರೈತರ ಕೊಟ್ಟಿಗೆಯಲ್ಲಿ, ಅದು ಕೊನೆಯ ದಾರಿ.

ಆದ್ದರಿಂದ ಪಕ್ಕೆಯನ್ನಷ್ಟೇ ಮರಗಟ್ಟಿಸುತ್ತೇವೆ. ಇದಕ್ಕೆ ಎರಡು ಮುಖ್ಯ ದಾರಿ. ಒಂದು, ಕೊಯ್ಯುವ ಜಾಗದ ಮೇಲೆ ಮತ್ತು ಮುಂದೆ, ಇಂಗ್ಲಿಷಿನ ಎಲ್ ಅಕ್ಷರವನ್ನು ಉಲ್ಟಾ ಇಟ್ಟ ಹಾಗೆ, ಸಾಲಾಗಿ ಲಿಗ್ನೋಕೇನ್ ಚುಚ್ಚುವುದು. ಬೇಲಿ ಹಾಕಿದ ಹಾಗೆ, ಆ ಬೇಲಿ ದಾಟಿ ನೋವು ಹೋಗುವುದಿಲ್ಲ. ಇನ್ನೊಂದು ಹೆಚ್ಚು ಚೊಕ್ಕ, ಆದರೆ ಕೈ ಪಳಗಿರಬೇಕು. ಕೊನೆಯ ಪಕ್ಕೆಲುಬಿನ ಹತ್ತಿರ ಮತ್ತು ಅದರ ಹಿಂದೆ ಸೊಂಟದ ಮೊದಲೆರಡು ಮೂಳೆಗಳ ಹತ್ತಿರ, ನರಗಳು ಬೆನ್ನುಮೂಳೆಯಿಂದ ಹೊರಬರುವ ಬುಡದಲ್ಲೇ ಔಷಧಿ ಬಿಡುವುದು. ಸರಿಯಾಗಿ ಬಿದ್ದಿದೆಯೇ ಎಂದು ಹಸುವೇ ಹೇಳುತ್ತದೆ. ಆ ಪಕ್ಕದ ಸ್ನಾಯುಗಳು ಸಡಿಲವಾಗಿ ಬೆನ್ನು ಸ್ವಲ್ಪ ಬಾಗಿದಂತೆ ಕಾಣುತ್ತದೆ. ಕೈಯಿಟ್ಟರೆ ಆ ಪಕ್ಕೆ ಈ ಪಕ್ಕೆಗಿಂತ ಬೆಚ್ಚಗಿರುತ್ತದೆ, ಯಾಕೆಂದರೆ ರಕ್ತನಾಳಗಳನ್ನು ಬಿಗಿ ಹಿಡಿದಿದ್ದ ನರಗಳೂ ಮಲಗಿವೆ. ಸೂಜಿ ಚುಚ್ಚಿ ನೋಡುವ ಮೊದಲೇ ನಾನು ಅಂಗೈ ಇಟ್ಟು ನೋಡುವುದು ಅಭ್ಯಾಸ.

ಒಂದು ಸ್ವಾರಸ್ಯದ ಸಂಗತಿ. ಚರ್ಮ, ಸ್ನಾಯು, ಹೊಟ್ಟೆಯ ಒಳಪೊರೆ ಕೊಯ್ದರೆ ವಿಪರೀತ ನೋವು. ಆದರೆ ಹೊಟ್ಟೆ ಎಂಬ ಚೀಲವನ್ನು ಕೊಯ್ದರೆ ಅಷ್ಟು ನೋವಿಲ್ಲ, ಅದನ್ನು ಎಳೆದರೆ ನೋವು. ಕರುಳು ಕೂಡ ಹಾಗೇ. ಪಕ್ಕೆ ಪೂರ್ತಿ ಮರಗಟ್ಟಿದ್ದರೂ ನಡುವೆ ಹಸು ಒಮ್ಮೆ ನರಳಿದರೆ, ಒಳಗೆ ಯಾರೋ ಜೋರಾಗಿ ಎಳೆದಿದ್ದಾರೆ ಎಂದು ಅರ್ಥ.

ಕರು ಅಡ್ಡ ಸಿಕ್ಕಿಕೊಂಡಾಗ ಅಥವಾ ಕರು ಹಾಕಿದ ಮೇಲೆ ಗರ್ಭಕೋಶವೇ ಹೊರಗೆ ಬಂದಾಗ ಬೇರೆ ಉಪಾಯ. ಬಾಲದ ಬುಡ ಹಿಡಿದು ಪಂಪು ಹೊಡೆಯುವ ಹಾಗೆ ಮೇಲೆ ಕೆಳಗೆ ಆಡಿಸಿದರೆ ಎರಡು ಮೂಳೆಗಳ ನಡುವೆ ಒಂದು ಸಂದು ಬೆರಳಿಗೆ ಸಿಗುತ್ತದೆ. ಅಲ್ಲಿ ಕೆಲವೇ ಮಿಲಿಲೀಟರ್ ಲಿಗ್ನೋಕೇನ್. ಐದು ಹತ್ತು ನಿಮಿಷದಲ್ಲಿ ಬಾಲ ಒದ್ದೆ ಹಗ್ಗದಂತೆ ಜೋತು ಬೀಳುತ್ತದೆ, ಹಸು ಮುಕ್ಕುವುದು, ಅಂದರೆ ತಿಣುಕಿ ಹೊರಗೆ ತಳ್ಳುವುದು, ನಿಲ್ಲುತ್ತದೆ. ಮುಕ್ಕುವುದು ನಿಲ್ಲದೆ ಗರ್ಭಕೋಶವನ್ನು ಒಳಗೆ ತಳ್ಳಲು ಹೋದರೆ, ನೀವು ಒಂದು ಸಲ ತಳ್ಳಿದರೆ ಅದು ಎರಡು ಸಲ ಹೊರಗೆ ತಳ್ಳುತ್ತದೆ. ಔಷಧಿ ಜಾಸ್ತಿಯಾದರೆ ಹಿಂಗಾಲಿನ ಬಲವೂ ಹೋಗಿ ಹಸು ಕುಸಿದುಬಿಡುತ್ತದೆ. ಇಲ್ಲಿ ಎರಡು ಮೂರು ಮಿಲಿಲೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ.

ಎತ್ತುಗಳಿಗೆ ಕೋಡಿನ ಕ್ಯಾನ್ಸರ್ ಬಂದು ಕೋಡು ಬುಡಸಮೇತ ತೆಗೆಯಬೇಕಾದಾಗಲೂ ಇದೇ ಲಿಗ್ನೋಕೇನ್. ಕಣ್ಣಿನ ಹೊರತುದಿಗೂ ಕೋಡಿನ ಬುಡಕ್ಕೂ ನಡುವೆ ಮೂಳೆಯ ಒಂದು ಏಣು ಸಿಗುತ್ತದೆ, ಅದರ ಕೆಳಗೆ ನರ ಹಾದು ಹೋಗುತ್ತದೆ. ಮೇಕೆಗೆ ಇದೇ ಲೆಕ್ಕ ಹಿಡಿದು ಒಂದೇ ಕಡೆ ಚುಚ್ಚಿದರೆ ಸಾಲದು, ಅದರ ಕೋಡಿಗೆ ಎರಡು ನರ. ಜೊತೆಗೆ ಮೇಕೆ, ಅದರಲ್ಲೂ ಮರಿ, ಮೈತೂಕ ಕಡಿಮೆ. ಹಸುವಿಗೆ ಕೊಟ್ಟ ಹಾಗೆ ಧಾರಾಳವಾಗಿ ಕೊಟ್ಟರೆ ಲಿಗ್ನೋಕೇನೇ ವಿಷವಾಗಿ ಫಿಟ್ಸ್ ಬರಬಹುದು.

ಇನ್ನೊಂದು ಮಾತು, ರೈತರು ಆಗಾಗ ಬೇಸರದಿಂದ ಹೇಳುವುದು: "ಕೀವು ತೆಗೆಯೋಕೆ ಮುಂಚೆ ಇಂಜೆಕ್ಷನ್ ಕೊಟ್ರು, ಆದ್ರೂ ಒದೀತು." ಹೌದು, ಒದೆಯುತ್ತದೆ. ಕೀವು ಕಟ್ಟಿದ ಜಾಗ ಹುಳಿಯಾಗಿರುತ್ತದೆ, ಆಮ್ಲದ ಗುಣ. ಆ ಹುಳಿಯಲ್ಲಿ ಲಿಗ್ನೋಕೇನ್ ನರದ ಗೋಡೆ ದಾಟಿ ಒಳಗೆ ಹೋಗಲಾರದು. ಅಂಥ ಕಡೆ ಗಾಯದಿಂದ ದೂರ, ಸುತ್ತಲಿನ ಒಳ್ಳೆಯ ಜಾಗದಲ್ಲಿ ಕೊಡಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾವು ಮಾಡುವ ತಪ್ಪು ಕಡಿಮೆಯೇನಲ್ಲ. ಹೋರಿಗಳ ಬೀಜ ಒಡೆಯುವುದನ್ನು ಇವತ್ತಿಗೂ ಎಷ್ಟೋ ಕಡೆ ಕೆಡವಿ, ಕಟ್ಟಿ, ನಾಲ್ಕು ಜನ ಮೇಲೆ ಕೂತು, ಇಕ್ಕಳ ಹಾಕಿ ಮುಗಿಸುತ್ತಾರೆ, ಒಂದು ಹನಿ ಲಿಗ್ನೋಕೇನ್ ಇಲ್ಲದೆ. ಕೆಲಸ ಒಂದು ನಿಮಿಷದ್ದು, ಔಷಧಿ ಹಿಡಿಯಲು ಐದು ಹತ್ತು ನಿಮಿಷ ಬೇಕು, ಅದೇ ಸಬೂಬು. ಕಾಲು ಕುಂಟಿದರೆ ಕಾದ ಕಬ್ಬಿಣದಿಂದ ಬರೆ ಹಾಕುವುದೂ ಪೂರ್ತಿ ನಿಂತಿಲ್ಲ. ಬರೆ ಹಾಕಿದ ಮೇಲೆ ಎತ್ತು ಕುಂಟುವುದು ಕಡಿಮೆಯಾಯಿತು ಎನ್ನುತ್ತಾರೆ. ಹೊಸ ನೋವು ದೊಡ್ಡದಾದಾಗ ಹಳೆ ನೋವು ಸಣ್ಣದಾಗಿ ಕಂಡೀತು, ಅದು ವಾಸಿಯಾದ ಹಾಗಲ್ಲ.

ಈಗ ನಾಯಿ, ಬೆಕ್ಕು. ಇಲ್ಲಿ ಕಥೆ ಉಲ್ಟಾ. ಹಸುವಿನ ಹಾಗೆ ನಿಂತು ಸಹಕರಿಸುವ ನಾಯಿ ನಾನು ಕಂಡಿಲ್ಲ, ಹಾಗಾಗಿ ಸಂತಾನಹರಣದಂಥ ಸಾಮಾನ್ಯ ಆಪರೇಷನ್‌ಗೂ ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕು. ನಮ್ಮಲ್ಲಿ ತುಂಬಾ ಕಡೆ ಬಳಸುವುದು ಜೈಲಜಿನ್ ಎಂಬ ಮಂಪರಿನ ಔಷಧಿ ಮತ್ತು ಕೆಟಮಿನ್, ಇವುಗಳ ಜೋಡಿ. ಅಗ್ಗ, ಸ್ನಾಯುವಿಗೆ ಚುಚ್ಚಬಹುದು, ಯಂತ್ರ ಬೇಡ. ಎರಡನ್ನೂ ಮೊದಲು ತಯಾರಿಸಿದ್ದು 1960ರ ದಶಕದ ಆರಂಭದಲ್ಲಿ. ಕೆಟಮಿನ್ ವಿಚಿತ್ರ ಔಷಧಿ. ಅದು ಮಲಗಿಸುವುದಿಲ್ಲ, ಮೆದುಳಿಗೂ ಮೈಗೂ ನಡುವಿನ ನಂಟು ಕಡಿದಂತೆ ಮಾಡುತ್ತದೆ. ಬೆನ್ನುಹುರಿಯಲ್ಲಿ ನಾನು ಮೇಲೆ ಹೇಳಿದ ಆ ಕೆರಳುವಿಕೆಯನ್ನು ಕೂಡ ತಡೆಯುತ್ತದೆ, ಆ ಮಟ್ಟಿಗೆ ನೋವಿಗೂ ಒಳ್ಳೆಯದು. ಆದರೆ ಕಣ್ಣು ತೆರೆದೇ ಇರುತ್ತದೆ, ಮುಟ್ಟಿದರೆ ರೆಪ್ಪೆ ಅಲುಗುತ್ತದೆ. ಬಾಗಿಲ ಸಂದಿಯಿಂದ ಇಣುಕಿ ನೋಡಿದ ಮನೆಯವರು ಬೆಚ್ಚಿಬೀಳುವುದು ಇಲ್ಲೇ. ಕಣ್ಣು ಒಣಗದಿರಲಿ ಎಂದು ನಾವು ಮುಲಾಮು ಹಚ್ಚಿರುತ್ತೇವೆ, ಅದು ಕಣ್ಣೀರಿನಂತೆ ಹೊಳೆಯುತ್ತಿರುತ್ತದೆ, ಅದನ್ನು ನೋಡಿ ಒಬ್ಬ ಅಮ್ಮ ನನ್ನ ಕ್ಲಿನಿಕ್‌ನಲ್ಲಿ ಅತ್ತೇಬಿಟ್ಟರು.

ಐಸೊಫ್ಲುರೇನ್ ಬೇರೆ. ಅದು ಗ್ಯಾಸು, ಆಮ್ಲಜನಕದ ಜೊತೆ ಉಸಿರಿನಲ್ಲಿ ಕೊಡುವುದು. ಇದರಲ್ಲಿ ನಾಯಿ ಸರಿಯಾದ ಆಳಕ್ಕೆ ಇಳಿದಾಗ ಕಣ್ಣುಗುಡ್ಡೆ ಕೆಳಕ್ಕೆ ತಿರುಗುತ್ತದೆ, ದವಡೆ ಸಡಿಲವಾಗುತ್ತದೆ. ಗ್ಯಾಸಿನ ಪ್ರಮಾಣವನ್ನು ಕ್ಷಣಕ್ಷಣಕ್ಕೆ ಏರಿಸಬಹುದು, ಇಳಿಸಬಹುದು, ನಿಲ್ಲಿಸಿದರೆ ಬೇಗ ಎಚ್ಚರ. ಇಂಜೆಕ್ಷನ್ ಒಮ್ಮೆ ಹೋದರೆ ಹೋಯಿತು. ಆದರೆ ಐಸೊಫ್ಲುರೇನ್‌ಗೆ ನೋವು ಕಳೆಯುವ ಗುಣ ಇಲ್ಲವೆಂದೇ ಹೇಳಬೇಕು. ತೋಟದ ಯಜಮಾನನನ್ನು ಮಲಗಿಸುವುದು ಎಂದೆನಲ್ಲ, ಅದಕ್ಕೆ ಇದೇ ಸರಿಯಾದ ಉದಾಹರಣೆ. ಗ್ಯಾಸ್ ಅರಿವಳಿಕೆ ಇದೆ ಎಂಬ ಬೋರ್ಡು ನೋಡಿ ಖುಷಿಪಡಿ, ಆದರೆ ಜೊತೆಗೆ ನೋವಿಗೆ ಏನು ಕೊಡುತ್ತೀರಿ ಎಂದೂ ಕೇಳಿ.

"ಎದ್ದೇಳುತ್ತಾ ಸಾರ್?" ಇದು ಎಲ್ಲರ ಭಯ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24. ಆರೋಗ್ಯವಾಗಿದ್ದ ನಾಯಿಗಳಲ್ಲಂತೂ ಸುಮಾರು 2000ಕ್ಕೆ ಒಂದು. ಮೊಲದಲ್ಲಿ ಮಾತ್ರ ಶೇ 1.39. ಅಲ್ಲಿನ ಯಂತ್ರ, ಸಿಬ್ಬಂದಿ ನಮ್ಮ ಎಲ್ಲ ಕಡೆ ಇಲ್ಲ, ಹಾಗಾಗಿ ಆ ಅಂಕಿ ಇಲ್ಲಿಗೆ ಹಾಗೆಯೇ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಅಧ್ಯಯನದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಸತ್ತವುಗಳಲ್ಲಿ ನಾಯಿಗಳ ಹತ್ತಿರ ಹತ್ತಿರ ಅರ್ಧ, ಬೆಕ್ಕುಗಳ ಅರ್ಧಕ್ಕೂ ಜಾಸ್ತಿ, ಹೋದದ್ದು ಆಪರೇಷನ್ ಟೇಬಲ್ ಮೇಲಲ್ಲ, ಆಪರೇಷನ್ ಮುಗಿದ ಮೇಲೆ. ಅದರಲ್ಲೂ ಮೊದಲ ಮೂರು ಗಂಟೆ ಅತಿ ಅಪಾಯದ್ದು. ಎಲ್ಲರೂ ಕೈ ತೊಳೆದು ಕಾಫಿಗೆ ಹೋಗುವ ಹೊತ್ತು ಅದು. ಮೈ ತಣ್ಣಗಾಗಿರುತ್ತದೆ, ಗಂಟಲ ಕೊಳವೆ ತೆಗೆದಿರುತ್ತಾರೆ, ನಾಲಿಗೆ ಹಿಂದಕ್ಕೆ ಬಿದ್ದಿರಬಹುದು, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಆಪರೇಷನ್ ಯಾರು ಮಾಡುತ್ತಾರೆ ಎನ್ನುವಷ್ಟೇ ಮುಖ್ಯ, ಮುಗಿದ ಮೇಲೆ ಪಕ್ಕದಲ್ಲಿ ಯಾರು ಕೂರುತ್ತಾರೆ ಎನ್ನುವುದು.

ಪ್ರಾಣಿಯಿಂದ ಪ್ರಾಣಿಗೆ ಔಷಧಿಯ ಲೆಕ್ಕ ಎಷ್ಟು ಬದಲಾಗುತ್ತದೆ ಎಂದು ಹೇಳಿದರೆ ಜನ ನಂಬುವುದಿಲ್ಲ. ಜೈಲಜಿನ್ ತೆಗೆದುಕೊಳ್ಳಿ. ಕುದುರೆಗೆ ಕೊಡುವ ಪ್ರಮಾಣದ ಹತ್ತನೇ ಒಂದು ಭಾಗ ಹಸುವಿಗೆ ಸಾಕು. ಕುದುರೆಯ ಲೆಕ್ಕದಲ್ಲಿ ಹಸುವಿಗೆ ಕೊಟ್ಟರೆ ಏಳುವುದು ಅನುಮಾನ. ತುಂಬು ಗಬ್ಬದ ಹಸುವಿಗೆ ಇದನ್ನು ಕೊಡಲು ಹಿಂಜರಿಯುತ್ತೇವೆ, ಗರ್ಭಕೋಶ ಹಿಂಡುತ್ತದೆ. ಬೆಕ್ಕಿಗೆ ಕೊಟ್ಟರೆ ಮೊದಲು ವಾಂತಿ. ಆಪರೇಷನ್‌ಗೆ ಮುಂಚೆ ನಾಯಿಗೆ ಆರೆಂಟು ಗಂಟೆ ಊಟ ನಿಲ್ಲಿಸಿ ಎನ್ನುವುದು ವಾಂತಿಯ ಭಯಕ್ಕೇ. ಆದರೆ ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಅದನ್ನು ಉಪವಾಸ ಕೆಡವಿದರೆ ಕರುಳು ನಿಂತು ಬೇರೆಯೇ ಕಾಯಿಲೆ ಶುರು. ಕುದುರೆಗೂ ವಾಂತಿ ಬರುವುದಿಲ್ಲ, ಅದರ ಕಷ್ಟ ಏಳುವಾಗ. ಅರೆ ಎಚ್ಚರದಲ್ಲೇ ಗಾಬರಿಯಿಂದ ಎದ್ದು ನಿಲ್ಲಲು ಹೋಗಿ ಕಾಲು ಮುರಿದುಕೊಂಡ ಕುದುರೆಗಳಿವೆ, ಅದಕ್ಕೇ ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆ ಬೇಕು. ಹಕ್ಕಿಗೆ ವಪೆ ಇಲ್ಲ, ಎದೆ ಆಡಿಸಿಯೇ ಉಸಿರಾಡುವುದು, ಅಲುಗದಿರಲಿ ಎಂದು ಎದೆ ಬಿಗಿ ಹಿಡಿದರೆ ಅರಿವಳಿಕೆ ಬೇಡವೇ ಬೇಡ, ಹಾಗೇ ಸಾಯುತ್ತದೆ.

ನಮ್ಮ ಮುಧೋಳ ನಾಯಿಯ ಬಗ್ಗೆ ಒಂದು ಮಾತು. ಗ್ರೇಹೌಂಡ್ ಜಾತಿಯ ತೆಳ್ಳನೆ ಬೇಟೆನಾಯಿಗಳಿಗೆ ಥಯೊಪೆಂಟೋನ್ ಎಂಬ ಹಳೆಯ ಔಷಧಿ ಕೊಟ್ಟರೆ ಅವು ಏಳಲು ಗಂಟೆಗಟ್ಟಲೆ ಹಿಡಿಯುತ್ತದೆ ಎನ್ನುವುದು ಗೊತ್ತಿರುವ ವಿಷಯ. ಆ ಔಷಧಿ ಮೆದುಳಿನಿಂದ ಇಳಿದು ಮೈಯ ಸ್ನಾಯು, ಕೊಬ್ಬಿನಲ್ಲಿ ಹಂಚಿಹೋದಾಗ ನಾಯಿಗೆ ಎಚ್ಚರವಾಗಬೇಕು. ಇವುಗಳ ಮೈಯಲ್ಲಿ ಕೊಬ್ಬೇ ಇಲ್ಲ, ಮೇಲಿಂದ ಲಿವರ್ ಅದನ್ನು ಕರಗಿಸುವುದೂ ನಿಧಾನ. ಮುಧೋಳವೂ ಅದೇ ಮೈಕಟ್ಟಿನದು, ಹಾಗಾಗಿ ನಾನು ಅದಕ್ಕೆ ಥಯೊಪೆಂಟೋನ್ ಮುಟ್ಟುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವುಗಳ ತೊಂದರೆ ಬೇರೆ. ಎಚ್ಚರವಿದ್ದಾಗಲೇ ಗೊರಕೆ ಹೊಡೆಯುವ ನಾಯಿ ಅದು, ಪ್ರಜ್ಞೆ ತಪ್ಪಿದರೆ ಗಂಟಲ ಮಾಂಸವೇ ದಾರಿ ಮುಚ್ಚುತ್ತದೆ. ಕೊಳವೆಯನ್ನು ಅದು ತಲೆ ಎತ್ತಿ ಅಗಿಯಲು ಶುರು ಮಾಡುವವರೆಗೂ ತೆಗೆಯುವುದಿಲ್ಲ.

ಆನೆಯನ್ನು ಬಿಟ್ಟರೆ ನಮ್ಮ ಕಡೆಯವರು ಸುಮ್ಮನಿರುವುದಿಲ್ಲ. ಹಾಸನ, ಕೊಡಗಿನಲ್ಲಿ ಕಾಫಿ ತೋಟಕ್ಕೆ ನುಗ್ಗಿದ ಆನೆ ಹಿಡಿಯುವ ಸುದ್ದಿ ಬಂದಾಗಲೆಲ್ಲ "ಅರಿವಳಿಕೆ ಮದ್ದು ಹೊಡೆದರು" ಎಂದು ಓದುತ್ತೇವೆ. ಸಿನಿಮಾದಲ್ಲಿ ತೋರಿಸುವ ಹಾಗೆ ಡಾರ್ಟ್ ಬಿದ್ದ ತಕ್ಷಣ ಆನೆ ಉರುಳುವುದಿಲ್ಲ. ಔಷಧಿ ಹಿಡಿಯಲು ಹಲವು ನಿಮಿಷ ಬೇಕು, ಅಷ್ಟರಲ್ಲಿ ಅದು ಎಲ್ಲಿಗೆ ಬೇಕಾದರೂ ಓಡಬಹುದು, ಕೆರೆಗೆ ಇಳಿದರೆ ಮುಳುಗಬಹುದು. ಜೈಲಜಿನ್, ಕೆಟಮಿನ್ ಜೋಡಿಯನ್ನು ಅಳತೆಯಲ್ಲಿ ಕೊಟ್ಟರೆ ಆನೆ ನಿಂತಲ್ಲೇ ತೂಕಡಿಸುತ್ತದೆ, ನಮಗೆ ಬೇಕಾದದ್ದೂ ಅದೇ. ಯಾಕೆಂದರೆ ಆನೆಯ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡಿರುತ್ತದೆ, ನಮ್ಮ ಹಾಗೆ ನಡುವೆ ಜಾಗ ಇಲ್ಲ. ಅದು ಎದೆ ಮೇಲೆ ಕುಸಿದು ಕೂತರೆ ಉಸಿರು ಕಟ್ಟುತ್ತದೆ, ತಕ್ಷಣ ಪಕ್ಕಕ್ಕೆ ಉರುಳಿಸಬೇಕು, ಸೊಂಡಿಲು ಮಡಚಿಕೊಳ್ಳದಂತೆ ನೋಡಬೇಕು. ಸುತ್ತ ನಿಂತ ಸಾಕಾನೆಗಳು ಹಗ್ಗ ಎಳೆಯಲಿಕ್ಕಷ್ಟೇ ಅಲ್ಲ, ಇದಕ್ಕೂ ಬೇಕು. ಕೆಲಸ ಮುಗಿದ ಮೇಲೆ ಯೊಹಿಂಬಿನ್‌ನಂಥ ಮಾರುಮದ್ದು ಕೊಟ್ಟು ಜೈಲಜಿನ್‌ನ ಮತ್ತನ್ನು ಇಳಿಸುತ್ತಾರೆ. ಕೆಟಮಿನ್‌ಗೆ ಮಾರುಮದ್ದಿಲ್ಲ, ಅದು ತಾನಾಗಿ ಇಳಿಯಬೇಕು.

ಮನೆಯಲ್ಲಿ ನಡೆಯುವ ಅನಾಹುತಕ್ಕೆ ಬರುತ್ತೇನೆ. ನಾಯಿ ಕುಂಟುತ್ತಿದೆ, ಬೆಕ್ಕಿಗೆ ಜ್ವರ ಇದ್ದ ಹಾಗಿದೆ, ಮನೆಯಲ್ಲಿ ಪ್ಯಾರಾಸಿಟಮಾಲ್ ಇದೆ, ಅರ್ಧ ಕೊಡೋಣ ಅಲ್ವಾ? ಬೇಡ. ಬೆಕ್ಕಿನ ಲಿವರ್‌ಗೆ ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ದಾರಿಯೇ ಸರಿಯಾಗಿಲ್ಲ. ಅದು ವಿಷವಾಗಿ ತಿರುಗಿ ರಕ್ತದ ಕೆಂಪುಕಣಗಳನ್ನು ಕೆಡಿಸುತ್ತದೆ, ರಕ್ತ ಆಮ್ಲಜನಕ ಒಯ್ಯುವುದನ್ನೇ ನಿಲ್ಲಿಸುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ನಮ್ಮ ಒಂದು 500 ಮಿಲಿಗ್ರಾಂ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಗೊತ್ತಾಗದೆ ಕೊಟ್ಟಿದ್ದರೆ ನಾಚಿಕೆ ಬಿಟ್ಟು ಬೇಗ ಬಂದು ಹೇಳಿ, ಮಾರುಮದ್ದು ಇದೆ, ಹೊತ್ತು ಮೀರಬಾರದು ಅಷ್ಟೇ. ನಾಯಿಗೆ ಬ್ರೂಫೆನ್, ಡೈಕ್ಲೋಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣು, ರಕ್ತವಾಂತಿ, ಕಿಡ್ನಿ ಪೆಟ್ಟು. ಮನುಷ್ಯರ ಸಿರಪ್ಪುಗಳಲ್ಲಿ ಸಿಹಿಗೆಂದು ಹಾಕುವ ಜೈಲಿಟಾಲ್ ಕೂಡ ನಾಯಿಗೆ ವಿಷ, ಔಷಧಿ ಸರಿ ಇದ್ದರೂ ಸಿಹಿ ಕೊಲ್ಲುತ್ತದೆ.

ಡೈಕ್ಲೋಫೆನಾಕ್ ಎಂದಾಗ ರಾಮನಗರದ ಬೆಟ್ಟ ನೆನಪಾಗುತ್ತದೆ. ದನಕ್ಕೆ ನೋವಿಗೆಂದು ಕೊಟ್ಟ ಔಷಧಿ ಇದು, ದನಕ್ಕೆ ಒಳ್ಳೆಯದನ್ನೇ ಮಾಡಿತು. ಆದರೆ ಸತ್ತ ದನದ ಮಾಂಸದಲ್ಲಿ ಉಳಿದ ಚೂರುಪಾರು ಔಷಧಿ ರಣಹದ್ದುಗಳ ಕಿಡ್ನಿ ಕೆಡಿಸಿತು. ಅದು ಗೊತ್ತಾದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹದ್ದುಗಳ ಅಧ್ಯಯನದಿಂದ. ಅಷ್ಟರಲ್ಲಿ ಮೂರು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಅಳಿದುಹೋಗಿದ್ದವು. ಭಾರತ 2006ರಲ್ಲಿ ದನಕರುಗಳಿಗೆ ಡೈಕ್ಲೋಫೆನಾಕ್ ನಿಷೇಧಿಸಿತು. ಜನ ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚಿದರು, 2015ರಲ್ಲಿ ಅದನ್ನೂ 3 ಮಿಲಿಲೀಟರಿಗೆ ಇಳಿಸಬೇಕಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಪ್ರಾಣಿಗಳಿಗೆ ನಿಷೇಧವಾದವು. ಹದ್ದಿಗೆ ತೊಂದರೆ ಕೊಡದ ಮೆಲಾಕ್ಸಿಕಾಮ್ ಇದೆ, ದನಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದು ಧಾಮ ಆಯಿತು. ಈಗಲೂ ಯಾರಾದರೂ ಮೆಡಿಕಲ್ ಶಾಪಿನಿಂದ ಡೈಕ್ಲೋ ತಂದು "ಸಾರ್, ಇದನ್ನೇ ಹಾಕಿ" ಎಂದರೆ ನಾನು ಈ ಕಥೆಯನ್ನು ಪೂರ್ತಿ ಹೇಳುತ್ತೇನೆ, ಅವರಿಗೆ ಬೇಜಾರಾದರೂ ಸರಿ.

ಪ್ರಾಣಿಗೆ ನೋವಿದೆ ಎಂದು ತಿಳಿಯುವುದು ಹೇಗೆ? ಕೂಗಿದರೆ ಮಾತ್ರ ನೋವು ಎಂದುಕೊಂಡರೆ ಹತ್ತರಲ್ಲಿ ಒಂಬತ್ತನ್ನು ಕಳೆದುಕೊಳ್ಳುತ್ತೇವೆ. ಹುಲಿ, ಚಿರತೆಗೆ ಊಟವಾಗುವ ಪ್ರಾಣಿ ನೋವನ್ನು ಹೊರಗೆ ತೋರಿಸಿದರೆ ಅವತ್ತೇ ಅದರ ಕೊನೆ. ಹಾಗಾಗಿ ಹಸು ಬಾಯಿ ಬಿಡುವುದಿಲ್ಲ. ಮೆಲುಕು ನಿಲ್ಲಿಸುತ್ತದೆ. ಹಲ್ಲು ಕಡಿಯುತ್ತದೆ, ಬೆನ್ನು ಗೂನು ಮಾಡುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ, ಹಾಲು ಇಳಿಯುತ್ತದೆ. ಮೊಳೆ ನುಂಗಿದ ಹಸು ಇಳಿಜಾರಿನಲ್ಲಿ ಇಳಿಯಲು ಹಿಂದೇಟು ಹಾಕುತ್ತದೆ. ಬೆಕ್ಕು ಇನ್ನೂ ಕಳ್ಳ. ಸುಮ್ನೆ ಮಂಚದ ಕೆಳಗೆ ಹೋಗಿ ಕೂರುತ್ತದೆ, ನೆಗೆಯುವುದು ಬಿಡುತ್ತದೆ, ಮೈ ನೆಕ್ಕಿಕೊಳ್ಳುವುದು ಬಿಟ್ಟು ಕೂದಲು ಗಂಟಾಗುತ್ತದೆ. ಗುರುಗುಟ್ಟುತ್ತಿದೆ, ಹಾಗಾದರೆ ಖುಷಿಯಾಗಿದೆ ಎಂದು ಹೇಳುವ ಹಾಗಿಲ್ಲ, ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಬೆಕ್ಕಿನ ಮುಖ ನೋಡಿ ನೋವಿಗೆ ಅಂಕ ಕೊಡುವ ಕ್ರಮವೊಂದನ್ನು 2019ರಲ್ಲಿ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಎತ್ತರ, ಐದೇ ಸಂಗತಿ. ಕಣ್ಣು ಕಿರಿದಾಗಿ, ಕಿವಿ ಪಕ್ಕಕ್ಕೆ ತಿರುಗಿ, ತಲೆ ಹೆಗಲಿಗಿಂತ ಕೆಳಗಿದ್ದರೆ ನೋವಿದೆ. ಮನೆಯಲ್ಲಿ ಫೋನಿನಲ್ಲಿ ಫೋಟೋ ತೆಗೆದು ಕಳಿಸಿ, ನಮ್ಮ ಟೇಬಲ್ ಮೇಲೆ ಹೆದರಿ ಕೂತ ಬೆಕ್ಕಿಗಿಂತ ಅದು ಜಾಸ್ತಿ ಹೇಳುತ್ತದೆ.

ಆಪರೇಷನ್ ಆದ ರಾತ್ರಿ ಫೋನ್ ಬರುವುದು ಮಾಮೂಲು. "ಡಾಕ್ಟ್ರೇ, ಒಂದೇ ಸಮ ಕುಂಯ್ ಅಂತಿದೆ." ಇದು ನೋವೇ ಆಗಬೇಕೆಂದಿಲ್ಲ, ಔಷಧಿಯ ಮತ್ತು ಇಳಿಯುವಾಗಿನ ಗಲಿಬಿಲಿಯೂ ಹೀಗೇ ಕೂಗಿಸುತ್ತದೆ. ಹತ್ತಿರ ಕೂತು, ಹೆಸರು ಹಿಡಿದು ಮಾತಾಡಿಸಿ, ತಲೆ ಸವರಿ. ಆಮೇಲೆ ಗಾಯದಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ಬೆರಳಿಟ್ಟು ಹತ್ತಿರ ಬನ್ನಿ. ತಿರುಗಿ ನೋಡಿದರೆ, ಮೈ ಬಿಗಿ ಹಿಡಿದರೆ, ನೋವಿದೆ, ನನಗೆ ಹೇಳಿ. ಏನೂ ಮಾಡದೆ ಕೂಗುತ್ತಲೇ ಇದ್ದರೆ, ಲೈಟು ಆರಿಸಿ, ಬೆಚ್ಚಗೆ ಹೊದಿಸಿ, ಕಾಯಿರಿ. ಬಿಸಿನೀರಿನ ಬಾಟಲಿ ಮೈಗೆ ತಾಗಿಸಿ ಇಡಬೇಡಿ, ಪಕ್ಕಕ್ಕೆ ಸರಿಯಲು ಅದಕ್ಕೆ ಇನ್ನೂ ಬರುವುದಿಲ್ಲ, ಸುಟ್ಟ ಗಾಯಕ್ಕೆ ಆಮೇಲೆ ಮತ್ತೆ ನನ್ನ ಹತ್ತಿರವೇ ಬರಬೇಕಾಗುತ್ತದೆ. ಮತ್ತೆ, ನೋವಿನ ಮಾತ್ರೆ ಮೂರು ದಿನಕ್ಕೆ ಬರೆದಿದ್ದರೆ ಮೂರನೇ ದಿನವೂ ಕೊಡಿ. ಎರಡನೇ ದಿನವೇ ಸೋಫಾ ಹತ್ತಿತು ಸಾರ್, ಅದಕ್ಕೆ ನಿಲ್ಲಿಸಿದೆವು ಎನ್ನುತ್ತಾರೆ. ಅದು ಸೋಫಾ ಹತ್ತಿದ್ದೇ ಮಾತ್ರೆಯ ಬಲದಿಂದ.